ಹಳೆ ಗೋವಾಕ್ಕೆ ಇಗರ್ಜಿಯ ಬಸ್ಸೋ, ಕೊಚ್ಚಿಗೆ ಕಂಪನಿಯ ಪ್ಯಾಕೇಜೋ?

ಇಗರ್ಜಿಗಳನ್ನೂ (ಚರ್ಚುಗಳನ್ನೂ) ಮ್ಯೂಸಿಯಂಗಳನ್ನೂ ಒಟ್ಟಿಗೆ ನೋಡುವ ಆಸೆಯಿದ್ದರೆ ಮಂಗಳೂರಿನವರಿಗೆ ಹತ್ತಿರದ ದಾರಿಗಳು ಎರಡು. ಉತ್ತರಕ್ಕೆ ಹೋದರೆ ಹಳೆ ಗೋವಾ, ದಕ್ಷಿಣಕ್ಕೆ ಹೋದರೆ ಕೊಚ್ಚಿ ಮತ್ತು ಕೊಡುಂಗಲ್ಲೂರು. ಎರಡಕ್ಕೂ ಅಮ್ಮನನ್ನು ಕರೆದುಕೊಂಡು ಗುಂಪಿನಲ್ಲೇ ಹೋಗಿದ್ದೇನೆ. ಗೋವಾಕ್ಕೆ ನಮ್ಮ ಇಗರ್ಜಿಯ ವಾಳೆಯ (ವಾರ್ಡಿನ) ಗುರ್ಕಾರರು, ಅಂದರೆ ಮುಖಂಡರು, ಹೊರಡಿಸಿದ ಬಸ್ಸು, ಕೊಚ್ಚಿಗೆ ಒಂದು ಟ್ರಾವೆಲ್ ಕಂಪನಿಯ ಪ್ಯಾಕೇಜ್. ಯಾರು ಕೇಳಿದರೂ ನಾನು ಹೇಳುವುದು ಗೋವಾದ ಬಸ್ಸನ್ನೇ. ಕೊಚ್ಚಿಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಬೇಸರವಿರುವುದು ಕಂಪನಿಯವರು ವಾರದ ದಿನ ನೋಡದೆ ಹಾಕಿದ ಪಟ್ಟಿಯ ಮೇಲೆ.

ರೈಲು ಗುರುವಾರ ರಾತ್ರಿ ಹೊರಟಿತು. ಶುಕ್ರವಾರ ಬೆಳಿಗ್ಗೆ ಫೋರ್ಟ್ ಕೊಚ್ಚಿ, ಊಟ ಮುಗಿಸಿ ಮಟ್ಟಾಂಚೇರಿ ಅರಮನೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ರಾಜರಿಗೆ ಕೊಟ್ಟು, ಆಮೇಲೆ ಡಚ್ಚರು ರಿಪೇರಿ ಮಾಡಿಸಿದ ಅರಮನೆಯಿದು. ಗೋಡೆಯ ತುಂಬ ರಾಮಾಯಣದ ಚಿತ್ರಗಳಿವೆ. ಪ್ಯಾಕೇಜಿನ ಹಾಳೆಯಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿದ್ದದ್ದು ಇದೇ ಹೆಸರು. ಹೋಗಿ ನೋಡಿದರೆ ಗೇಟಿಗೆ ಬೀಗ. ಪುರಾತತ್ವ ಇಲಾಖೆಯ ಈ ಮ್ಯೂಸಿಯಂಗೆ ಶುಕ್ರವಾರ ರಜೆ.

ಅದೇ ಬೀದಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರ ಪರದೇಸಿ ಸಿನಗಾಗ್ ಇದೆ, ಅದನ್ನಾದರೂ ನೋಡೋಣ ಎಂದು ನಡೆದೆವು. ಯಹೂದಿಗಳ ವಾರದ ವಿಶ್ರಾಂತಿಯ ದಿನ ಸಬ್ಬತ್ ಶುಕ್ರವಾರ ಸಂಜೆಗೇ ಶುರು. ಹಾಗಾಗಿ ಅಂದು ಮಧ್ಯಾಹ್ನದ ಮೇಲೆ ಅಲ್ಲಿಗೂ ಪ್ರವೇಶವಿಲ್ಲ, ಶನಿವಾರ ಪೂರ್ತಿ ಇಲ್ಲ. ದೂರದಿಂದ ಬಂದ ಇಡೀ ಗುಂಪು ಬಿಸಿಲಲ್ಲಿ ನಿಂತಿತು. ಟೂರ್ ಮ್ಯಾನೇಜರ್ ನಮ್ಮನ್ನು ಮಸಾಲೆ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿ ಒಂದು ಗಂಟೆಗೂ ಮಿಕ್ಕಿ ಕೂರಿಸಿದರು. ಏಲಕ್ಕಿ, ಕಾಳುಮೆಣಸು ಕೊಳ್ಳಲು ನಾವು ಮಂಗಳೂರಿನಿಂದ ಅಲ್ಲಿವರೆಗೆ ಹೋಗಬೇಕೇ?

ವಿಚಾರಿಸಿದಾಗ ಬಂದ ಉತ್ತರ, "ಟಿಕೆಟ್ ಸಿಕ್ಕಿದ್ದೇ ಗುರುವಾರಕ್ಕೆ ಸಾರ್." ಟಿಕೆಟ್ ಗುರುವಾರದ್ದೇ ಇರಲಿ. ಶುಕ್ರವಾರ ಕೊಡುಂಗಲ್ಲೂರಿಗೆ ಹೋಗಿ, ಭಾನುವಾರಕ್ಕೆ ಮಟ್ಟಾಂಚೇರಿ ಇಟ್ಟುಕೊಂಡಿದ್ದರೆ ಎರಡೂ ತೆರೆದಿರುತ್ತಿದ್ದವು. ಪಟ್ಟಿಯಲ್ಲಿ ಎರಡು ಸಾಲು ಅದಲು ಬದಲು ಮಾಡಿದ್ದರೆ ಸಾಕಿತ್ತು. ದುಡ್ಡು ತೆಗೆದುಕೊಂಡು ಇದೇ ಕೆಲಸ ಮಾಡುವವರಿಗೆ ಯಾವ ಮ್ಯೂಸಿಯಂ ಯಾವ ದಿನ ಮುಚ್ಚಿರುತ್ತದೆ ಎಂಬುದು ಗೊತ್ತಿರಲೇಬೇಕು.

ಕೊಚ್ಚಿಯಲ್ಲಿ ಮನಸ್ಸು ತುಂಬಿದ್ದು ಸೇಂಟ್ ಫ್ರಾನ್ಸಿಸ್ ಇಗರ್ಜಿಯಲ್ಲಿ. 1524ರಲ್ಲಿ ತೀರಿಹೋದ ವಾಸ್ಕೋ ಡ ಗಾಮಾನನ್ನು ಮೊದಲು ಹೂತದ್ದು ಇಲ್ಲೇ. 1539ರಲ್ಲಿ ಅವಶೇಷ ಪೋರ್ಚುಗಲ್‌ಗೆ ಹೋಯಿತು, ಕಲ್ಲು ಉಳಿದಿದೆ. ತಲೆ ಎತ್ತಿದರೆ ಸಾಲಾಗಿ ಬಟ್ಟೆಯ ಪಂಖಾಗಳು. ಹಿಂದೆ ಅವಕ್ಕೆ ಕಟ್ಟಿದ ಹಗ್ಗವನ್ನು ಹೊರಗೆ ನಿಂತವರು ಎಳೆಯುತ್ತಿದ್ದರಂತೆ. ಕೊಡುಂಗಲ್ಲೂರಿನ ಹತ್ತಿರ ಅಳಿಕೋಡಿನಲ್ಲಿ ಯೇಸುವಿನ ಶಿಷ್ಯ ಸಂತ ತೋಮಸರ ಕೈಯೆಲುಬಿನ ಅವಶೇಷವಿದೆ, 1953ರಲ್ಲಿ ಇಟಲಿಯ ಒರ್ತೋನಾದಿಂದ ತಂದದ್ದು. ಸಂತರು ಕ್ರಿ.ಶ. 52ರಲ್ಲಿ ಬಂದಿಳಿದದ್ದು ಈ ಕಡೆಗೇ ಎಂಬುದು ಅಲ್ಲಿನವರ ನಂಬಿಕೆ. ಅಮ್ಮ ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಬೇಕೆಂದರು, ಬಸ್ಸು ಹಾರ್ನ್ ಹಾಕಿತು.

ಹಳೆ ಗೋವಾದ ಪುರಾತತ್ವ ಮ್ಯೂಸಿಯಂಗೂ ಶುಕ್ರವಾರವೇ ರಜೆ. ಇದು ಗೊತ್ತಿದ್ದ ನಮ್ಮ ಫಾದರ್ ಶುಕ್ರವಾರವನ್ನು ಪ್ರಯಾಣಕ್ಕೆ ಬಿಟ್ಟು ಶನಿವಾರ ಇಡೀ ದಿನ ಹಳೆ ಗೋವಾಕ್ಕೆ ಇಟ್ಟಿದ್ದರು. ಬೆಳಿಗ್ಗೆ ಬೊಮ್ ಜೀಸಸ್‌ನಲ್ಲಿ ಪೂಜೆ. 1605ರಲ್ಲಿ ಪ್ರತಿಷ್ಠೆಯಾದ ಈ ಇಗರ್ಜಿಯ ಗಾರೆಯನ್ನು ಕಳೆದ ಶತಮಾನದಲ್ಲಿ ಕಿತ್ತುಹಾಕಿದ್ದಾರೆ, ಹೊರಗೆ ಕಾಣುವುದು ನಮ್ಮ ಮನೆಗಳಲ್ಲಿರುವ ಅದೇ ಕೆಂಪು ಮುರಕಲ್ಲು. ಒಳಗೆ ಸಂತ ಫ್ರಾನ್ಸಿಸ್ ಝೇವಿಯರರ ಶರೀರವಿರುವ ಬೆಳ್ಳಿಯ ಪೆಟ್ಟಿಗೆ, ಅದರ ಕೆಳಗೆ ಟಸ್ಕನಿಯ ದೊರೆ ಮೂರನೇ ಕೊಸಿಮೊ ಕಳಿಸಿದ ಅಮೃತಶಿಲೆಯ ಪೀಠ.

ರಸ್ತೆ ದಾಟಿದರೆ ಸೆ ಕೆಥೆಡ್ರಲ್. ಒಂದು ಗೋಪುರ 1776ರಲ್ಲಿ ಬಿದ್ದುಹೋದ ಮೇಲೆ ಒಂಟಿ ಗೋಪುರದಲ್ಲೇ ನಿಂತಿದೆ. ಅದರ ಬೆನ್ನಿಗೇ ಮ್ಯೂಸಿಯಂ. ಮಂಡಿನೋವಿನ ಅಮ್ಮ ಇಷ್ಟನ್ನೂ ನಡೆದೇ ನೋಡಿದರು. ಮ್ಯೂಸಿಯಂನಲ್ಲಿ ಪೋರ್ಚುಗೀಸ್ ವೈಸರಾಯ್‌ಗಳ ಆಳೆತ್ತರದ ಪಟಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನಾನು ನಿಂತದ್ದು ವೀರಗಲ್ಲುಗಳ ಮುಂದೆ. ಕುದುರೆ ಕಾಳಗದ ವೀರಗಲ್ಲು ನಮ್ಮಲ್ಲಿ ಊರೂರಿಗೆ ಸಿಗುತ್ತದೆ, ಇಲ್ಲಿ ಹಡಗಿನ ಕಾಳಗ ಕೆತ್ತಿದ್ದಾರೆ. ಪೋರ್ಚುಗೀಸರು ಬರುವ ಮುಂಚೆ ಈ ಕಡಲು ಕದಂಬರದ್ದಾಗಿತ್ತು ಎಂಬುದು ಕಣ್ಣೆದುರೇ ಇತ್ತು.

ಮಧ್ಯಾಹ್ನದ ಮೇಲೆ ಬಸ್ಸು ಗುಡ್ಡ ಹತ್ತಿತು. ಸಾಂತಾ ಮೋನಿಕಾ ಕಾನ್ವೆಂಟಿನ ಕ್ರೈಸ್ತ ಕಲಾ ಮ್ಯೂಸಿಯಂನಲ್ಲಿ ದಂತದ ಮೂರ್ತಿಗಳು, ಮರಿಗಳಿಗಾಗಿ ಎದೆ ಬಗೆದುಕೊಳ್ಳುವ ಬೆಳ್ಳಿಯ ಪೆಲಿಕನ್ ಹಕ್ಕಿ. ಎದುರಿಗೆ ಸಂತ ಆಗಸ್ಟಿನರ ಇಗರ್ಜಿಯ ಮುರಿದ ಗೋಪುರ, 46 ಮೀಟರ್. ಪರ್ಷಿಯಾದ ದೊರೆ ಶಾ ಅಬ್ಬಾಸ್ 1624ರಲ್ಲಿ ಕೊಲ್ಲಿಸಿದ ಜಾರ್ಜಿಯಾದ ರಾಣಿ ಕೆತೆವಾನಳ ಎಲುಬು ಸಿಕ್ಕಿದ್ದು ಈ ಅವಶೇಷಗಳ ನಡುವೆ. ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಯಾಯಿತು, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಫಾದರ್ ಇದನ್ನು ಹೇಳುವಾಗ ಬಸ್ಸಿನ ಮಕ್ಕಳೂ ಸದ್ದು ಮಾಡಲಿಲ್ಲ.

ಊಟ ಕೊಚ್ಚಿಯದೇ ಚೆನ್ನಾಗಿತ್ತು. ಹಾಸಿಗೆಯೂ ಅಷ್ಟೇ, ಗೋವಾದಲ್ಲಿ ನಾವಿದ್ದದ್ದು ಡಾರ್ಮಿಟರಿಯಲ್ಲಿ. ಇಗರ್ಜಿಯ ಬಸ್ಸಿಗೆ ಕೊಟ್ಟದ್ದು ಕಂಪನಿಗೆ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ಮ್ಯೂಸಿಯಂನಲ್ಲಿ ಒಂದೊಂದು ಫಲಕವನ್ನೂ ಓದುತ್ತಾ ಹೋಗುವವನು ನಾನು, ಎಲ್ಲಿ ಹೋದರೂ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳದೆ ಮಲಗುವವರಲ್ಲ ಅಮ್ಮ. ಇಬ್ಬರಿಗೂ ಹೊತ್ತು ಸಿಕ್ಕಿದ್ದು ಗೋವಾದಲ್ಲಿ. ರಾತ್ರಿ ಎಸಿ ರೂಮು ಬೇಕೇ ಬೇಕು ಎನ್ನುವವರಿಗೆ ಕಂಪನಿಯೇ ಸರಿ.

ಕೊಚ್ಚಿಗೆ ಹೋಗುವವರು ಮುಂಗಡ ಕೊಡುವ ಮೊದಲೇ ದಿನವಾರು ಪಟ್ಟಿ ಕೇಳಿ ತೆಗೆದುಕೊಳ್ಳಿ. ಮಟ್ಟಾಂಚೇರಿ ಶುಕ್ರವಾರವೋ ಶನಿವಾರವೋ ಇದ್ದರೆ ಬದಲಿಸಲು ಹೇಳಿ, ಒಪ್ಪದಿದ್ದರೆ ಬೇರೆಯವರನ್ನು ನೋಡಿ.