ಹಳೆಯ ಸೀರೆಯ ಜೊತೆ ಬಂದ ‘ಮನೆಯಲ್ಲೇ ಮಾಡಿದ’ ಕ್ರೀಮು: ಕೊಳ್ಳುವ ಮುನ್ನ ಓದಿ

ಹಳೆಯ ರೇಷ್ಮೆ ಸೀರೆ, ಹಿಂದಿನ ಕಾಲದ ಒಡವೆ, ಅವುಗಳ ಪಕ್ಕದಲ್ಲೇ ‘ಮನೆಯಲ್ಲಿ ಕೈಯಾರೆ ಮಾಡಿದ’ ಕ್ರೀಮು, ತಲೆಗೆಣ್ಣೆ, ಸ್ನಾನದ ಪುಡಿ. ಇವೆಲ್ಲವನ್ನೂ ಒಂದೇ ಪುಟದಲ್ಲಿಟ್ಟು ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಮಾರುವವರು ನಮ್ಮ ಊರುಗಳಲ್ಲಿ ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ, ಅಂಥವರಿಂದ ಒಳ್ಳೆಯ ಸೀರೆಗಳನ್ನು ನಾನು ಕೊಂಡದ್ದೂ ಉಂಟು. ಇಲ್ಲಿ ಹೇಳಹೊರಟಿರುವುದು ಬೇರೊಬ್ಬ ಮಾರಾಟಗಾರ್ತಿಯಿಂದ ಕಳೆದ ವರ್ಷ ಕೊಂಡ ಎರಡು ವಸ್ತುಗಳ ವಿಷಯ. ಸೀರೆಯಿಂದ ಹಣ ಹೋಯಿತು. ಕ್ರೀಮಿನಿಂದ ಮುಖದ ಚರ್ಮ ಹಾಳಾಯಿತು, ಅದಿನ್ನೂ ಪೂರ್ತಿ ಸರಿಹೋಗಿಲ್ಲ. ದೂರು ವಿಚಾರಣೆಯಲ್ಲಿರುವುದರಿಂದ ಮಾರಿದವರ ಹೆಸರನ್ನು ಬರೆಯುತ್ತಿಲ್ಲ. ಪುಟದ ಹೆಸರು ಆಗಾಗ ಬದಲಾಗುವ ಈ ವ್ಯಾಪಾರದಲ್ಲಿ ಹೆಸರಿಗಿಂತ ಮಾರುವ ರೀತಿಯನ್ನು ತಿಳಿದಿರುವುದೇ ಹೆಚ್ಚು ಉಪಯುಕ್ತ.

ಆ ಪುಟದ ಮಾತುಗಳು ಸೊಗಸಾಗಿದ್ದವು. ಸೀರೆ ಉಟ್ಟು ನಿಂತವರಲ್ಲಿ ಕಪ್ಪಗಿದ್ದವರು, ದಪ್ಪಗಿದ್ದವರು, ನರೆಗೂದಲಿನವರು, ಹೆರಿಗೆಯ ಗೆರೆಗಳನ್ನು ಮುಚ್ಚಿಕೊಳ್ಳದವರು ಎಲ್ಲರೂ ಇದ್ದರು. ‘ನಿಮ್ಮ ಮೈಯನ್ನು ಇದ್ದಂತೆಯೇ ಒಪ್ಪಿಕೊಳ್ಳಿ’ ಎಂಬುದು ಪ್ರತಿ ಚಿತ್ರದ ಕೆಳಗೂ ಇತ್ತು. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನು ಮೆಚ್ಚುಗೆಯೆಂದೇ ಕೇಳಿಸಿಕೊಂಡು ಬೆಳೆದ ನಮ್ಮಂಥವರಿಗೆ ಇದು ಎಷ್ಟು ಹಿತವಾಗಿ ಕೇಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಹಳೆಯ ಉಡುಪಿನ ಮೇಲಿನ ನನ್ನ ಪ್ರೀತಿಗೂ ಇದೇ ಕಾರಣ. ಸೀರೆಗೆ ಅಳತೆಯಿಲ್ಲ. ಹಳೆಯ ದರ್ಜಿಗಳು ಹೊಲಿದ ರವಿಕೆಯ ಒಳಭಾಗವನ್ನು ನೋಡಿದರೆ ಎರಡೂ ಪಕ್ಕಗಳಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಾರೆ, ಮೈ ತುಂಬಿಕೊಂಡಾಗ ಒಂದು ಹೊಲಿಗೆ ಬಿಚ್ಚಿದರಾಯಿತು. ಇಂದಿನ ಸಿದ್ಧ ಉಡುಪಿನ ಅಂಗಡಿಗಳು ಉಡುಪಿಗೆ ತಕ್ಕ ಮೈಯನ್ನು ಕೇಳುತ್ತವೆ. ಆ ದರ್ಜಿಗಳು ಮೈ ಬದಲಾಗುತ್ತದೆ ಎಂದು ತಿಳಿದೇ ಹೊಲಿಯುತ್ತಿದ್ದರು.

ಮೊದಲು ಸೀರೆಯ ವಿಷಯ. ನವಿಲುಕತ್ತಿನ ಬಣ್ಣದ ಕ್ರೇಪ್ ಸೀರೆಯೊಂದನ್ನು ‘1960ರ ದಶಕದ ಅಸಲಿ ಮೈಸೂರು ರೇಷ್ಮೆ, ಶುದ್ಧ ಜರಿ’ ಎಂದು ಹೇಳಿ 11,000 ರೂಪಾಯಿಗೆ ಮಾರಿದರು. ಮೈಸೂರಿನ ರೇಷ್ಮೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನಿಗಮದ ಜರಿಯಲ್ಲಿ 65 ಶೇಕಡ ಬೆಳ್ಳಿ, 0.65 ಶೇಕಡ ಚಿನ್ನ ಇರುತ್ತದೆಂಬುದು ಪ್ರಸಿದ್ಧವೇ ಆಗಿದೆ. ಹಳೆಯ ಸೀರೆಗೆ ಬೆಲೆ ಬರುವುದು ಬಹುಪಾಲು ಈ ಬೆಳ್ಳಿಯಿಂದ, ಮೋಸ ನಡೆಯುವುದೂ ಅಲ್ಲೇ. ಜರಿ ಕರಗಿಸಿ ಬೆಳ್ಳಿ ತೆಗೆಯುವವರು ಹಳೆಯ ಸೀರೆಗಳನ್ನು ಕೊಳ್ಳುತ್ತಾರೆ. ನನಗೆ ಬಂದ ಸೀರೆಯ ಒಡಲು ನಿಜವಾಗಿಯೂ ಹಳೆಯ ರೇಷ್ಮೆಯದ್ದಾಗಿತ್ತು, ಆದರೆ ಮೂಲದ ಅಂಚು ಎಂದೋ ಕತ್ತರಿಗೆ ಸಿಕ್ಕಿ, ಅದರ ಜಾಗಕ್ಕೆ ಪ್ಲಾಸ್ಟಿಕ್ ಜರಿಯ ಹೊಸ ಅಂಚು ಬಂದು ಕೂತಿತ್ತು. ಮಡಿಕೆಗಳು ಬಿದ್ದ ಕಡೆಗಳಲ್ಲಿ ಎಳೆ ಸೀಳಿದ್ದು ಕಾಣದಂತೆ, ಇಸ್ತ್ರಿಯ ಶಾಖಕ್ಕೆ ಅಂಟುವ ತೆಳುಬಟ್ಟೆಯನ್ನು ಹಿಂಬದಿಗೆ ಅಂಟಿಸಿದ್ದರು. ಮದುವೆಯ ಮನೆಯೊಂದರಲ್ಲಿ ಊಟಕ್ಕೆ ಕೂತಾಗ ಸೀರೆ ಮಡಿಕೆಯುದ್ದಕ್ಕೂ ಪರ್ ಎಂದು ಹರಿಯಿತು.

ಹಳೆಯ ರೇಷ್ಮೆ ಹೀಗೆ ಸೀಳುವುದಕ್ಕೆ ಕಾರಣವಿದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆಯಲ್ಲಿ ಆ ಗೆರೆಯ ಎಳೆಗಳು ಬಳಲಿ ಮುರಿಯುತ್ತವೆ. ಆದ್ದರಿಂದ ಕೊಳ್ಳುವ ಮುನ್ನ ಸೀರೆಯನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿಯಬೇಕು, ದೂರದಿಂದ ಕೊಳ್ಳುವುದಾದರೆ ಹಾಗೆ ಹಿಡಿದ ವಿಡಿಯೋವನ್ನು ಕೇಳಬೇಕು. ಸೀರೆಯ ಮುಂಬದಿಯನ್ನಷ್ಟೇ ತೋರಿಸಿ ಹಿಂಬದಿಯನ್ನು ತೋರಿಸಲು ಹಿಂದೇಟು ಹಾಕುವವರಿಂದ ಕೊಳ್ಳದಿರುವುದು ಲೇಸು. ಅಂಚು ಒಡಲನ್ನು ಸೇರುವಲ್ಲಿ ನೇಯ್ಗೆ ಇದೆಯೋ ಹೊಲಿಗೆ ಇದೆಯೋ ಎಂಬುದು ಹಿಂಬದಿಯಲ್ಲಿ ಮಾತ್ರ ತಿಳಿಯುತ್ತದೆ. ಸೆರಗಿನ ತುದಿಯಿಂದ ಒಂದು ಎಳೆ ತೆಗೆದು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆಳ್ಳಿಯ ಜರಿ ಕಾಲಕ್ರಮದಲ್ಲಿ ಕಪ್ಪಾಗುವುದು ಸಹಜವಾದ್ದರಿಂದ, ಅರವತ್ತು ವರ್ಷದ ಸೀರೆಯ ಜರಿ ನಿನ್ನೆ ತಂದಂತೆ ಥಳಥಳಿಸುತ್ತಿದ್ದರೆ ಸಂದೇಹ ಪಡಬೇಕು.

ಇನ್ನು ಕ್ರೀಮಿನ ವಿಷಯ. ನಾನು ಇದನ್ನು ಬರೆಯಲು ಕೂತದ್ದೇ ಇದಕ್ಕಾಗಿ. ಸೀರೆಯ ಪೊಟ್ಟಣದ ಜೊತೆ ಪುಟ್ಟ ಗಾಜಿನ ಡಬ್ಬಿಯೊಂದು ಉಡುಗೊರೆಯೆಂದು ಬಂತು. ಆಮೇಲೆ ನಾನೇ ದುಡ್ಡು ಕೊಟ್ಟು ದೊಡ್ಡ ಡಬ್ಬಿ ತರಿಸಿದೆ. ಹಾಲಿನ ಕೆನೆ, ಲೋಳೆಸರ, ಗುಲಾಬಿ ನೀರು, ಕೇಸರಿ, ಕಸ್ತೂರಿ ಅರಿಸಿನ, ‘ರಾಸಾಯನಿಕ ಏನೂ ಇಲ್ಲ’ ಎಂದು ಕೈಬರಹದ ಚೀಟಿಯಲ್ಲಿತ್ತು. ಬೆಳ್ಳಗಾಗುತ್ತೀರಿ ಎಂದು ಎಲ್ಲಿಯೂ ಹೇಳಿರಲಿಲ್ಲ. ‘ನಿಮ್ಮದೇ ಬಣ್ಣದ ಕಾಂತಿ’ ಎಂದಿತ್ತು. ದೊಡ್ಡ ಕಂಪನಿಗಳ ದಾರಿಯೂ ಇದೇ ತಾನೆ? 1975ರಿಂದ ಮನೆಮಾತಾಗಿದ್ದ ಕ್ರೀಮೊಂದು 2020ರಲ್ಲಿ ‘ಫೇರ್’ ಎಂಬುದನ್ನು ಬಿಟ್ಟು ‘ಗ್ಲೋ’ ಎಂದು ಹೆಸರು ಬದಲಿಸಿಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ.

ಮೊದಲ ಕೆಲವು ವಾರ ಮುಖ ನುಣುಪಾಯಿತು, ಮೊಡವೆಯ ಕಲೆಗಳು ಮಾಸಿದವು, ಮೈಬಣ್ಣವೂ ಕಣ್ಣಿಗೆ ಕಾಣುವಷ್ಟು ತಿಳಿಯಾಯಿತು. ಊರಿಗೆ ಹೋದಾಗ ಡಬ್ಬಿಯನ್ನು ಒಯ್ಯದೆ ಹಚ್ಚುವುದು ತಪ್ಪಿತು. ಆಗ ಶುರುವಾದ ಉರಿ ಬಿಸಿನೀರು ತಾಗಿದರೂ, ಒಲೆಯ ಮುಂದೆ ನಿಂತರೂ ತಡೆಯಲಾರದಂತಾಯಿತು. ಕೆನ್ನೆ ಕೆಂಪಾಗಿ ಕೀವಿನ ಗುಳ್ಳೆಗಳೆದ್ದವು, ಚರ್ಮ ತೆಳುವಾಗಿ ಒಳಗಿನ ಸಣ್ಣ ರಕ್ತನಾಳಗಳು ಕಾಣತೊಡಗಿದವು, ದವಡೆಯ ಮೇಲೆ ಹಿಂದೆಂದೂ ಇಲ್ಲದ ಕೂದಲು ಬೆಳೆಯಿತು. ಮಾರಿದವರಿಗೆ ತಿಳಿಸಿದರೆ, ‘ಇಷ್ಟು ದಿನ ಚರ್ಮದಲ್ಲಿ ಸೇರಿದ್ದ ವಿಷ ಹೊರಬರುತ್ತಿದೆ ಅಕ್ಕ, ಮತ್ತೆ ಹಚ್ಚಿ, ನಿಲ್ಲಿಸಬೇಡಿ’ ಎಂಬ ಉತ್ತರ ಬಂತು. ಈ ವಾಕ್ಯವನ್ನು ದಯವಿಟ್ಟು ನೆನಪಿಡಿ. ಮತ್ತೆ ಹಚ್ಚಿದಾಗ ಉರಿ ನಿಜವಾಗಿಯೂ ಶಮನವಾಗುತ್ತದೆ, ಅದನ್ನು ಕಂಡ ನಾವು ಕ್ರೀಮನ್ನೇ ಔಷಧಿಯೆಂದು ನಂಬುತ್ತೇವೆ.

ಚರ್ಮವೈದ್ಯರು ಮುಖವನ್ನು ನೋಡಿದೊಡನೆ, ಇದು ಸ್ಟಿರಾಯ್ಡ್ ಹಚ್ಚಿ ಹಾಳಾದ ಮುಖದ ಎಲ್ಲ ಲಕ್ಷಣಗಳನ್ನೂ ತೋರುತ್ತಿದೆ ಎಂದರು. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಮುಂತಾದ ಸ್ಟಿರಾಯ್ಡ್‌ಗಳು ಚರ್ಮದ ರಕ್ತನಾಳಗಳನ್ನು ಸಂಕುಚಿಸಿ, ಊತವನ್ನು ತಗ್ಗಿಸಿ, ಬಣ್ಣವನ್ನೂ ತಿಳಿಯಾಗಿಸುತ್ತವೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಅದುವರೆಗೆ ಅದುಮಿಟ್ಟದ್ದೆಲ್ಲ ಒಮ್ಮೆಗೇ ಕೆರಳುತ್ತದೆ. ಬಂಗು ಎಂಬ ಮುಖದ ಕಪ್ಪು ಕಲೆಗೆಂದು ಕೆಲವೇ ವಾರಗಳ ಮಟ್ಟಿಗೆ ವೈದ್ಯರು ಬರೆದುಕೊಡುವ ಮುಲಾಮಿನಲ್ಲಿ ಸ್ಟಿರಾಯ್ಡ್ ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಎಂಬ ಔಷಧಿಗಳೂ ಸೇರಿರುತ್ತವೆ. ಇಂಥ ಟ್ಯೂಬುಗಳನ್ನು ಲೋಳೆಸರದ ಜೆಲ್ಲಿನಲ್ಲಿ ಕಲಸಿ, ಅರಿಸಿನದ ಬಣ್ಣ ಕೊಟ್ಟು ‘ಮನೆಯ ಕ್ರೀಮು’ ಎಂದು ಮಾರುವುದು ತಮಗೆ ಹೊಸದಲ್ಲವೆಂದು ಅವರು ಹೇಳಿದರು. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿಗೊಳಿಸಿದೆ. ಅಂಗಡಿಯವನು ಚೀಟಿ ಕೇಳಿಯಾನು, ಗಾಜಿನ ಡಬ್ಬಿಗೆ ಕೇಳುವವರು ಯಾರು?

ವೈದ್ಯರು ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬುದನ್ನು ನೋಡಲು. ಮುಖದ ಉರಿಗೂ ಮೂತ್ರಕ್ಕೂ ಎಲ್ಲಿಯ ನಂಟು ಎಂದು ನನಗೆ ಅಚ್ಚರಿಯಾಯಿತು. ಅವರ ಕಣ್ಣು ಬಿದ್ದದ್ದು ಚೀಟಿಯ ಕೊನೆಯ ಸಾಲಿನ ಮೇಲೆ: ‘ಹಚ್ಚುವಾಗ ಬೆಳ್ಳಿ, ಚಿನ್ನದ ಒಡವೆ ತೆಗೆದಿಡಿ.’ ಕೆನೆ, ಕೇಸರಿಗಳಿಂದ ಒಡವೆಗೆ ಏನೂ ಆಗುವುದಿಲ್ಲ. ಪಾದರಸ ಬೆರೆತ ಕ್ರೀಮುಗಳ ಮೇಲೆ ಇಂಥ ಸೂಚನೆ ಇರುತ್ತದೆ, ಏಕೆಂದರೆ ಪಾದರಸ ಚಿನ್ನ ಬೆಳ್ಳಿಗಳಿಗೆ ಅಂಟಿಕೊಳ್ಳುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುವುದು ಪಾದರಸದ ಕೆಲಸ, ಆದರೆ ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಸೇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ, ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಮಂದಿಯಲ್ಲಿ 15 ಮಂದಿಗೆ ಅದರ ಅಪರೂಪದ ಪ್ರಭೇದವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ಮೇಲೆ ದಾಳಿ ನಡೆಸಿತು. ನನ್ನ ಪರೀಕ್ಷೆಯ ಫಲಿತಾಂಶ ಸರಿಯಾಗಿಯೇ ಬಂತು. ಆದರೆ ಇಂಥ ಕ್ರೀಮು ಹಚ್ಚುವವರಿಗೆ ಕಾಲು ಊದಿಕೊಂಡರೆ ಅಥವಾ ಮೂತ್ರ ನೊರೆನೊರೆಯಾಗಿದ್ದರೆ ಮುಖದ ಚಿಂತೆಯನ್ನು ಬದಿಗಿಟ್ಟು ತಕ್ಷಣ ವೈದ್ಯರನ್ನು ಕಾಣಬೇಕು. ಪಾದರಸ ಟವೆಲು, ದಿಂಬಿನ ಬಟ್ಟೆಗಳ ಮೂಲಕ ಮನೆಯ ಮಕ್ಕಳನ್ನೂ ತಲುಪಬಲ್ಲದು ಎಂಬುದರಿಂದ ಇದು ಹಚ್ಚಿಕೊಂಡವರೊಬ್ಬರ ವಿಷಯವೂ ಅಲ್ಲ.

ಪ್ರಯೋಗಾಲಯವಿಲ್ಲದೆ ನಮ್ಮಂಥವರು ಗುರುತಿಸುವುದು ಹೇಗೆ ಎಂದರೆ, ಅಡುಗೆ ಬಲ್ಲ ಯಾರಿಗೂ ಇದು ಕಷ್ಟವಲ್ಲ. ಹಾಲಿನ ಕೆನೆ ಹೊರಗಿಟ್ಟರೆ ಮರುದಿನ ಹುಳಿ ಬರುತ್ತದೆ. ಕತ್ತರಿಸಿದ ಲೋಳೆಸರ ಕೆಲವೇ ದಿನಗಳಲ್ಲಿ ಕೆಡುತ್ತದೆ. ನೀರಿನಂಶವಿರುವ ಯಾವ ವಸ್ತುವಾದರೂ ಕೆಡದಂತೆ ಉಳಿಯಬೇಕಾದರೆ ಅದಕ್ಕೆ ಸಂರಕ್ಷಕ ಬೇಕು. ನನ್ನ ಡಬ್ಬಿ ಬೇಸಗೆಯಿಡೀ ಕಪಾಟಿನಲ್ಲಿದ್ದರೂ ಬೂಸು ಹಿಡಿಯಲಿಲ್ಲ, ವಾಸನೆ ಬದಲಾಗಲಿಲ್ಲ. ಅಂದಮೇಲೆ ಚೀಟಿಯಲ್ಲಿ ಬರೆದದ್ದು ಡಬ್ಬಿಯಲ್ಲಿರಲಿಲ್ಲ, ಅಥವಾ ಡಬ್ಬಿಯಲ್ಲಿದ್ದದ್ದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ಸಂರಕ್ಷಕವನ್ನು ಹಾಕಿ, ಹಾಕಿದ್ದೇವೆಂದು ಬರೆಯುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ.

ಮಾರಾಟಕ್ಕೆಂದು ತಯಾರಿಸುವ ಸೌಂದರ್ಯವರ್ಧಕಕ್ಕೆ, ಅದು ಅಡುಗೆಮನೆಯಲ್ಲಿ ತಯಾರಾದರೂ, ಪರವಾನಗಿ ಬೇಕು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ ಇವೆಲ್ಲ ಮುದ್ರಿತವಾಗಿರಬೇಕು. ಮುಖದ ಕ್ರೀಮಿನಂಥವುಗಳಲ್ಲಿ ಉದ್ದೇಶವಿಲ್ಲದೆ ಸೇರಿಹೋದ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರುವಂತಿಲ್ಲ. ಮನೆಯ ತಯಾರಿಕೆಗೆ ಇಷ್ಟೆಲ್ಲ ಏಕೆ ಎಂದು ಮಾರಾಟಗಾರರು ನೊಂದವರಂತೆ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ನಿಮಗಾಗಿ ಮಾಡಿಕೊಂಡದ್ದಕ್ಕೆ ಏನೂ ಬೇಕಾಗಿಲ್ಲ, ನನ್ನಿಂದ 850 ರೂಪಾಯಿ ಪಡೆದದ್ದಕ್ಕೆ ಬೇಕು.

ನಮಗೆ ನಾವೇ ಮಾಡಿಕೊಳ್ಳುವುದರ ಬಗ್ಗೆ ನನಗೆ ತಕರಾರಿಲ್ಲ. ಹೆಸರುಹಿಟ್ಟು, ಸೀಗೆಪುಡಿ, ಕೊಬ್ಬರಿ ಎಣ್ಣೆಗಳನ್ನು ಈಗಲೂ ಬಳಸುತ್ತೇನೆ. ಅವು ಕೊಳೆ ತೆಗೆಯುತ್ತವೆ, ಒಣಗಿದ ಚರ್ಮವನ್ನು ಮೃದುವಾಗಿಸುತ್ತವೆ, ಬಣ್ಣ ಬದಲಿಸುವುದಿಲ್ಲ. ಆದರೆ ಮನೆಯದೆಂಬ ಮಾತ್ರಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬಾರದು. ನಿಂಬೆಯಲ್ಲಿನ ಕೆಲವು ಅಂಶಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಟ್ಟಂತೆ ಮಾಡಿ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗಳನ್ನು ಬಿಡುತ್ತವೆ. ಅಡುಗೆ ಸೋಡಾ ಕೂಡ ಬೇಡ. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯವಾದದ್ದು, ಸೋಡಾ ಕ್ಷಾರ.

ಈಗಾಗಲೇ ಇಂಥ ಕ್ರೀಮು ಹಚ್ಚುತ್ತಿರುವವರು ಇದನ್ನು ಓದಿ ಗಾಬರಿಯಿಂದ ಡಬ್ಬಿಯನ್ನು ಎಸೆಯಬಾರದು. ಹಚ್ಚುವುದನ್ನು ಹೇಗೆ ನಿಲ್ಲಿಸಬೇಕೆಂಬುದನ್ನು ಚರ್ಮವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು, ಡಬ್ಬಿಯನ್ನು ಚೀಟಿಯ ಸಮೇತ ಅವರ ಬಳಿಗೆ ಒಯ್ಯಬೇಕು. ಹಣ ಕಳಿಸಿದ ಯುಪಿಐ ದಾಖಲೆಯನ್ನೂ ಮಾತುಕತೆಯ ಚಿತ್ರಗಳನ್ನೂ ಮೊದಲೇ ತೆಗೆದಿಡಬೇಕು, ಏಕೆಂದರೆ ಮಾರಿದವರು ದೂರಿನ ಸುಳಿವು ಸಿಕ್ಕೊಡನೆ ನನಗೆ ಕಳಿಸಿದ್ದ ಸಂದೇಶಗಳನ್ನು ಅಳಿಸಿಹಾಕಿದರು. ಸೀರೆಯ ಹಣದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, 1915ಕ್ಕೆ, ದೂರು ಕೊಟ್ಟಿದ್ದೇನೆ. ಕ್ರೀಮಿನ ಬಗ್ಗೆ ಔಷಧ ನಿಯಂತ್ರಕರ ಕಚೇರಿಗೆ ಬರೆದು, ಉಳಿದ ಕ್ರೀಮನ್ನು ಒಪ್ಪಿಸಿದ್ದೇನೆ. ಅದರಲ್ಲಿ ಏನಿತ್ತೆಂಬ ವರದಿ ಇನ್ನೂ ಬಂದಿಲ್ಲ.

ಆ ಪುಟ ಈಗ ಕಾಣುತ್ತಿಲ್ಲ. ಆದರೆ ಅದೇ ಸೀರೆಗಳ ಅದೇ ಚಿತ್ರಗಳು ಬೇರೆ ಹೆಸರಿನ ಪುಟದಲ್ಲಿ ಬಂದಿವೆ, ಕ್ರೀಮು ‘ಬಾಣಂತಿಯರಿಗೂ ಹಿತ’ ಎಂಬ ಹೊಸ ಸಾಲಿನೊಂದಿಗೆ ಮರದ ಮುಚ್ಚಳದ ಡಬ್ಬಿಗೆ ಬದಲಾಗಿದೆ. ಮುದ್ರಿತ ಲೇಬಲ್ ಇಲ್ಲ, ಬೆಲೆ 1,200 ರೂಪಾಯಿ, ಒಡವೆ ತೆಗೆದಿಡಿ ಎಂಬ ಸೂಚನೆ ಹಾಗೆಯೇ ಇದೆ.