ರ್‍ಯಾಪಿಡ್ ಸೆಟ್ ಟೈಲ್ಸ್ ಗಮ್ ತಂದೋರು ಚೀಲ ಪೂರ್ತಿ ಕಲಸ್ಬೇಡಿ

ನಮ್ಮನೇಲಿ ಹಾಲಿಂದ ಬಚ್ಚಲಿಗೆ ಹೋಗೋಕೆ ಇರೋದು ಒಂದೇ ಪ್ಯಾಸೇಜು, 4 ಅಡಿ ಅಗಲ 14 ಅಡಿ ಉದ್ದ. ಏಪ್ರಿಲಲ್ಲಿ ಒಂದಿನ ಮಧ್ಯಾಹ್ನ ಊಟಕ್ಕೆ ಕೂತಿದ್ವಿ, ಪಟ್ ಅಂತ ಸದ್ದಾಯ್ತು, ಎದ್ದು ನೋಡಿದ್ರೆ ಎರಡು ಟೈಲ್ಸು ಒಂದಕ್ಕೊಂದು ಒತ್ಕೊಂಡು ಗುಡಾರದ ಥರ ಮೇಲೆದ್ದಿವೆ. ಮನೆ ಕಟ್ಟಿದಾಗ ಸಂದೇ ಬಿಡದೆ ಕೂರಿಸಿದ್ರು, ಕೆಳಗೆ ಬರೀ ಸಿಮೆಂಟ್ ಹಾಲು. ವಿಟ್ರಿಫೈಡ್ ಟೈಲ್ಸು ನೀರು ಹೀರೋದು ಅರ್ಧ ಪರ್ಸೆಂಟ್‌ಗಿಂತ ಕಮ್ಮಿ, ಅದಕ್ಕೆ ಸಿಮೆಂಟ್ ಹಾಲು ಸರಿಯಾಗಿ ಅಂಟೋದೇ ಇಲ್ಲ, ತುಮಕೂರಿನ ಬಿಸಿಲಿಗೆ ಹಿಗ್ಗೋಕೆ ಜಾಗ ಸಿಗದೆ ಎದ್ದು ಬಂದ್ವು. ಕುಟ್ಟಿ ನೋಡಿದ್ರೆ ಉಳಿದಿದ್ದೂ ಎಲ್ಲಾ ಪೊಳ್ಳು ಸದ್ದೇ.

ಪೂರ್ತಿ ಕಿತ್ತು ಹಾಕೋದು ಅಂತ ಆಯ್ತು. ಆದ್ರೆ ಅತ್ತೆಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳು, ವಾಕರ್ ಹಿಡ್ಕೊಂಡು ಓಡಾಡ್ತಾರೆ, ಟೈಲ್ಸ್ ಅಂಟಿಸೋ ಮಾಮೂಲಿ ಗಮ್ ಹಾಕಿದ್ರೆ ಒಂದು ದಿನ ಕಾಲಿಡಂಗಿಲ್ಲ, ಒಂದಿಡೀ ದಿನ ಅವ್ರು ಬಚ್ಚಲಿಗೆ ಹೋಗ್ದೆ ಇರೋದು ಹೆಂಗೆ? ಅಂಗಡಿಯವ್ರು ಹೇಳಿದ್ರು ರ್‍ಯಾಪಿಡ್ ಸೆಟ್ ತಗೊಳಿ ಅಕ್ಕ, ಮೂರು ನಾಲ್ಕು ಗಂಟೇಲಿ ನಡೀಬಹುದು ಅಂತ. 20 ಕೆಜಿ ಚೀಲ, ಎರಡು ತಂದ್ವಿ. ಮಾಮೂಲಿ ಗಮ್‌ಗಿಂತ ಹೆಚ್ಚುಕಮ್ಮಿ ಡಬಲ್ ರೇಟು. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ನಾನು ಬರೀತಿರೋದು ಈ ಜಾತಿ ಗಮ್ಮಿನ ಬಗ್ಗೆನೇ.

ಮಾಲು ಚೆನ್ನಾಗಿದೆ, ಮೊದ್ಲೇ ಹೇಳಿಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಆದ್ರೆ ಅದು ನಮ್ಮ ಮಾತು ಕೇಳಲ್ಲ, ನಾವೇ ಅದರ ಮಾತು ಕೇಳ್ಬೇಕು.

ಕೆಲಸದ ದಿನ ಮೇಸ್ತ್ರಿ ಬಂದ್ರು, ಹೆಲ್ಪರ್ ಬರ್ಲಿಲ್ಲ. ಸರಿ ನಾನೇ ಹೆಲ್ಪರ್ ಆದೆ. ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ, ಕೈ ಚೆನ್ನಾಗಿದೆ, ಆದ್ರೆ ಈ ಗಮ್ಮಿಗೆ ಅವ್ರೂ ಹೊಸಬ್ರು. ಅರ್ಧ ಚೀಲ ಬಾಂಡ್ಲಿಗೆ ಸುರಿದು ಮೇಲಿಂದ ನೀರು ಹಾಕಿ ಕರಣೆಲಿ ಕಲಸಿದ್ರು, ಸಿಮೆಂಟ್ ಕಲಸೋ ಥರಾನೇ. ಎರಡು ಟೈಲ್ಸ್ ಕೂರಿಸಿ ಮೂರನೇದಕ್ಕೆ ಒಂದು ಪೀಸ್ ಕಟ್ ಮಾಡ್ಕೊಂಡು ಬರೋಷ್ಟರಲ್ಲಿ ಬಾಂಡ್ಲಿ ಮುಟ್ಟಿದ್ರೆ ಬಿಸಿ, ಕರಣೆ ಒಳಗೇ ಸಿಕ್ಕಾಕ್ಕೊಂಡಿದೆ. ನೀರು ಹಾಕಿ ತಿರುವೋಣ ಅಕ್ಕ ಅಂದ್ರು, ನಾನು ಬೇಡ ಅಂದೆ, ಚೀಲದ ಮೇಲೆ ಅದನ್ನ ಮಾತ್ರ ದಪ್ಪಕ್ಷರದಲ್ಲಿ ಬರೆದಿದ್ರು, ಗಟ್ಟಿಯಾಗೋಕೆ ಶುರುವಾದ್ಮೇಲೆ ನೀರು ಸೇರಿಸ್ಬೇಡಿ ಅಂತ. ಹಂಗೆ ಮಾಡಿದ್ರೆ ಮೆತ್ತಗಾಗುತ್ತೆ ನಿಜ, ಆದ್ರೆ ಒಳಗೆ ಕಟ್ಟಿದ ಹಿಡಿತ ಮುರಿದೋಗಿರುತ್ತೆ, ಆಮೇಲೆ ಅಂಟು ಅನ್ನೋದು ಬರೀ ಹೆಸರಿಗೆ. ಆರು ಕೆಜಿ ದಂಡ.

ಆವಾಗ ಕಲಸೋ ಕೆಲಸ ನಾನು ಕೈಗೆ ತಗೊಂಡೆ. ಅಡುಗೆ ಮನೆಯ ತಕ್ಕಡಿ ಇತ್ತು. ಚೀಲದ ಮೇಲೆ 20 ಕೆಜಿಗೆ 5 ಲೀಟರ್ ನೀರು ಅಂತ ಇದೆ, ಅಂದ್ರೆ ನಾಲ್ಕು ಕೆಜಿಗೆ ಒಂದು ಲೀಟರ್, ಇಷ್ಟು ಸುಲಭದ ಲೆಕ್ಕಾನ ಅವ್ರು ಚೀಲದ ಮೇಲೆ ಯಾಕೆ ಬರೆಯಲ್ವೋ ಗೊತ್ತಿಲ್ಲ. ನಾಲ್ಕು ಕೆಜಿ ಅಂದ್ರೆ ಎರಡಡಿ ಟೈಲ್ಸು ಎರಡಕ್ಕೆ ಸರಿಹೋಗುತ್ತೆ, ಅದಕ್ಕಿಂತ ಒಂದು ಹಿಡಿ ಜಾಸ್ತಿ ಕಲಸಿದ್ರೂ ವೇಸ್ಟು.

ಕಲಸೋದ್ರಲ್ಲಿ ಮುಖ್ಯ ಏನಂದ್ರೆ ಮೊದ್ಲು ನೀರು, ಆಮೇಲೆ ಪುಡಿ. ಮುದ್ದೆ ಮಾಡೋರಿಗೆ ಇದು ಹೇಳ್ಕೊಡ್ಬೇಕಾಗಿಲ್ಲ, ಎಸರಿಗೆ ಹಿಟ್ಟು ಹಾಕ್ತೀವೇ ಹೊರತು ಹಿಟ್ಟಿಗೆ ಎಸರು ಹುಯ್ಯಲ್ಲ. ಉಲ್ಟಾ ಮಾಡಿದ್ರೆ ತಳದಲ್ಲಿ ಒಣ ಪುಡಿ ಉಳಿಯುತ್ತೆ, ಗಂಟು ಬೀಳುತ್ತೆ, ಮೇಸ್ತ್ರಿದೂ ಅದೇ ಆಗಿದ್ದು. ಮೇಸ್ತ್ರಿ ಹತ್ರ ಡ್ರಿಲ್ಲಿಗೆ ಹಾಕೋ ಕಲಸೋ ರಾಡ್ ಇತ್ತು, ಅದನ್ನ ನಿಧಾನ ಸ್ಪೀಡಲ್ಲೇ ಓಡಿಸ್ಬೇಕು, ಜೋರಾಗಿ ತಿರುಗಿಸಿದ್ರೆ ಗಾಳಿ ಗುಳ್ಳೆ ತುಂಬ್ಕೊಳುತ್ತೆ ಗೋಡೆಗೂ ಎರಚುತ್ತೆ. ಮೂರು ನಿಮಿಷ ತಿರುಗಿಸಿ, ಎರಡು ನಿಮಿಷ ಸುಮ್ನೆ ಬಿಟ್ಟು, ಮತ್ತೆ ಅರ್ಧ ನಿಮಿಷ. ಆ ಎರಡು ನಿಮಿಷ ಬಿಡೋದನ್ನ ಮಾತ್ರ ತಪ್ಪಿಸ್ಬೇಡಿ, ಅದರೊಳಗಿರೋ ಪಾಲಿಮರ್ ಪುಡಿ ಕರಗೋಕೆ ಆ ಟೈಮ್ ಬೇಕು. ಹದ ಹೆಂಗಿರ್ಬೇಕು ಅಂದ್ರೆ ಕರಣೆಲಿ ಎತ್ತಿದ್ರೆ ಬೀಳ್ಬಾರ್ದು, ಹಲ್ಲಿನ ಕರಣೆ ಎಳೆದ್ರೆ ಗೆರೆ ನಿಲ್ಬೇಕು. ಇಡ್ಲಿ ಹಿಟ್ಟಿನಷ್ಟು ತೆಳ್ಳಗಾದ್ರೆ ಮುಗೀತು, ಗೆರೆ ಕೂತೋಗುತ್ತೆ.

ಪುಡಿ ಸುರಿಯುವಾಗ ಮಾಸ್ಕ್ ಹಾಕಿ, ಮರಳು ಸಿಮೆಂಟಿನ ಧೂಳು ಅದು. ಗ್ಲೌಸ್ ಕೂಡ. ಮೊದಲ್ನೇ ಸಲ ನಾನು ಬರೀ ಕೈಲಿ ಮುಟ್ಟಿದ್ದಕ್ಕೆ ಸಾಯಂಕಾಲ ಬೆರಳ ತುದಿ ಎಲ್ಲಾ ಸುಲಿದ ಹಾಗೆ ಉರಿ, ಸಿಮೆಂಟು ಸುಣ್ಣದಷ್ಟೇ ಖಾರ ಅನ್ನೋದು ಗೊತ್ತಿದ್ದೂ ಮರೆತಿದ್ದೆ.

ಈಗ ಕ್ಲೀನ್ ವಿಷಯ, ನನಗೆ ಅತೀ ಆಶ್ಚರ್ಯ ಆಗಿದ್ದು ಇಲ್ಲೇ. ಎರಡನೇ ಸಲ ನಾನು ಬಾಂಡ್ಲಿ ತೊಳೀದೆ ಅದರಲ್ಲೇ ಕಲಸಿದೆ, ಅಂಚಲ್ಲಿ ಸ್ವಲ್ಪ ಹಳೇದು ಅಂಟ್ಕೊಂಡಿತ್ತು, ಏನಾಗುತ್ತೆ ಬಿಡು ಅಂತ. ಹತ್ತೇ ನಿಮಿಷಕ್ಕೆ ಬಿಗಿಯಾಗೋಕೆ ಶುರು! ಗಟ್ಟಿಯಾದ ಹಳೇ ಚೂರು ಹೊಸದಕ್ಕೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತೆ. ಒಂದು ಚಮಚ ಮೊಸರು ಬಿದ್ರೆ ಹಾಲೆಲ್ಲಾ ಮೊಸರು, ಇದೂ ಹಂಗೇ. ಆಮೇಲೆ ಎರಡು ಪೇಂಟ್ ಡಬ್ಬ ಇಟ್ಕೊಂಡೆ, ಒಂದರಲ್ಲಿ ಕಲಸೋದು, ಇನ್ನೊಂದನ್ನ ಅಷ್ಟರಲ್ಲಿ ಕೆರೆದು ತೊಳೆದು ಒರೆಸಿ ಇಡೋದು. ಪ್ಲಾಸ್ಟಿಕ್ ಡಬ್ಬ ಆದ್ರೆ ಗಟ್ಟಿಯಾದ್ರೂ ಬಗ್ಗಿಸಿ ಕುಟ್ಟಿದ್ರೆ ಹಪ್ಪಳದ ಥರ ಬಿಟ್ಕೊಂಡು ಬರುತ್ತೆ, ಕಬ್ಬಿಣದ ಬಾಂಡ್ಲಿ ಆದ್ರೆ ಸುತ್ತಿಗೆ ತಗೊಂಡು ಕೂರ್ಬೇಕು. ಕರಣೆ, ರಾಡು ಎರಡನ್ನೂ ಒಂದು ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಪ್ರತಿ ಸಲ ಬ್ರಷಲ್ಲಿ ಉಜ್ಜಿದೆ. ಆ ನೀರಲ್ಲೇ ಮುಂದಿನ ಗಮ್ ಕಲಸ್ಬೇಡಿ, ಕಲಸೋಕೆ ಬೇರೆ ಶುದ್ಧ ನೀರು, ಬೇಸಿಗೆಲಿ ತಣ್ಣಗಿದ್ರೆ ಇನ್ನೂ ಒಳ್ಳೇದು. ನಮ್ಮ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈಯಿಡೋಕಾಗಲ್ಲ, ಸಂಪಿಂದ ಸೇದಿ ತಂದೆ, ಐದಾರು ನಿಮಿಷ ಜಾಸ್ತಿ ಸಿಕ್ತು. ಕಲಸಿದ ಗಮ್ 30 ನಿಮಿಷ ಬಳಸಬಹುದು ಅಂತ ಚೀಲದ ಮೇಲಿರೋ ಲೆಕ್ಕ 27 ಡಿಗ್ರಿಗೆ, ನಮ್ಮ ಪ್ಯಾಸೇಜಲ್ಲಿ 20 ನಿಮಿಷ ಸಿಕ್ಕಿದ್ದೇ ಹೆಚ್ಚು.

ತೊಳೆದ ನೀರನ್ನ ಬಚ್ಚಲಿಗೆ ಚೆಲ್ಲೋಕೆ ಹೊರಟಿದ್ರು ಮೇಸ್ತ್ರಿ, ಓಡೋಗಿ ತಡೆದೆ. ಅದು ಪೈಪೊಳಗೆ ಹೋಗಿ ನೀರಿದ್ರೂ ಕಲ್ಲಾಗುತ್ತೆ, ಸಿಮೆಂಟು ಗಟ್ಟಿಯಾಗೋಕೆ ಒಣಗಲೇಬೇಕು ಅಂತೇನಿಲ್ಲ. ಬಕೆಟ್ಟಲ್ಲಿ ರಾತ್ರಿಯಿಡೀ ಬಿಟ್ಟು, ತಳದಲ್ಲಿ ಕೂತಿದ್ದನ್ನ ಕಿತ್ತು ಒಡೆದ ಟೈಲ್ಸ್ ಜೊತೆ ಹಾಕಿದ್ವಿ.

ಹಾಕುವಾಗ ನೋಡ್ಬೇಕಾಗಿದ್ದು ಕೆನೆ. ನೆಲಕ್ಕೆ ಗಮ್ ಎಳೆದು ಹತ್ತು ನಿಮಿಷ ಬಿಟ್ರೆ ಮೇಲೆ ಹಾಲಿನ ಕೆನೆ ಥರ ಪೊರೆ ಕಟ್ಟುತ್ತೆ, ನೋಡೋಕೆ ಹಸಿ ಇದ್ದಂಗೆ ಇರುತ್ತೆ, ಬೆರಳಿಟ್ರೆ ಅಂಟಲ್ಲ. ಹಂಗಾದ್ರೆ ಕೆರೆದು ಬಿಸಾಕಿ, ಅದರ ಮೇಲೆ ಟೈಲ್ಸ್ ಇಡ್ಬೇಡಿ. ಟೈಲ್ಸ್ ಗಮ್ಮಿಗೆ ಇರೋ ಯುರೋಪಿನ ಇಎನ್ 12004 ಮಾನದಂಡದಲ್ಲೂ ಎಫ್ ಅಂದ್ರೆ ಬೇಗ ಗಟ್ಟಿಯಾಗೋ ಗಮ್ಮು ಎಳೆದ ಮೇಲೆ ಅಂಟೋ ಗುಣ ಉಳಿಸ್ಕೊಬೇಕು ಅಂತ ಕೇಳೋದು ಹತ್ತು ನಿಮಿಷ ಮಾತ್ರ, ಮಾಮೂಲಿದಕ್ಕೆ ಇಪ್ಪತ್ತು. ಅದಕ್ಕೆ ಒಂದು ಟೈಲ್ಸಿನ ಜಾಗಕ್ಕಷ್ಟೇ ಎಳೆದ್ವಿ, 10 ಎಂಎಂ ಹಲ್ಲಿನ ಕರಣೆಲಿ, ಗೆರೆ ಎಲ್ಲಾ ಒಂದೇ ದಿಕ್ಕಿಗೆ, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಿ. ಒಂದನ್ನ ಕೂರಿಸಿ ಹಂಗೇ ಎತ್ತಿ ನೋಡಿಸ್ದೆ, ಮೇಸ್ತ್ರಿಗೆ ಸಿಟ್ಟು ಬಂತು, ಆದ್ರೆ ಬೆನ್ನು ಪೂರ್ತಿ ಗಮ್ ಹಿಡಿದಿತ್ತು ನೋಡಿ ಅವ್ರೇ ನಕ್ಕರು.

ಸಂದಿಗೆ 3 ಎಂಎಂ ಸ್ಪೇಸರ್, ಅಂದ್ರೆ ಟೈಲ್ಸ್ ನಡುವೆ ಇಡೋ ಪ್ಲಾಸ್ಟಿಕ್ ತುಂಡು. ಸಂದಿಂದ ಉಕ್ಕಿದ ಗಮ್ ಆವಾಗಲೇ ಹಳೇ ಚಾಕುಲಿ ತೆಗೀಬೇಕು, ಟೈಲ್ಸ್ ಮೇಲಿಂದ ಹಿಂಡಿದ ಸ್ಪಾಂಜಲ್ಲಿ ಒರೆಸ್ಬೇಕು. ನೀರು ಸುರಿಯೋ ಸ್ಪಾಂಜ್ ಬೇಡ, ನೀರು ಸಂದಿಗಿಳಿದ್ರೆ ಗಮ್ ಕೆಡುತ್ತೆ. ಒಂದು ಟೈಲ್ಸ್ ಒರೆಸೋಕೆ ಮರೆತಿದ್ದೆ, ಬೂದು ಟೈಲ್ಸ್ ಮೇಲೆ ಬಿಳೀ ಕಲೆ ಉಳ್ಕೊಂಡಿದೆ. ಆ್ಯಸಿಡ್ ಹಾಕಿ ಅಂತಾರೆ ಮೇಸ್ತ್ರಿ, ಹಾಕಿದ್ರೆ ಸಂದಿಗೆ ತುಂಬಿರೋ ಗ್ರೌಟ್ ತಿಂದುಬಿಡುತ್ತೆ, ಹಾಕಲ್ಲ. ಪ್ಲಾಸ್ಟಿಕ್ ಸ್ಕ್ರಬ್ಬರಲ್ಲಿ ಉಜ್ಜಿ ಉಜ್ಜಿ ಅರ್ಧ ಹೋಗಿದೆ.

ಮಧ್ಯಾಹ್ನ ಎರಡಕ್ಕೆ ಕೊನೇ ಟೈಲ್ಸ್ ಕೂತ್ಕೊಂತು. ಆರು ಗಂಟೆಗೆ ಗ್ರೌಟ್ ತುಂಬಿದ್ವಿ, ಏಳೂವರೆಗೆ ಅತ್ತೆ ವಾಕರ್ ಊರ್ಕೊಂಡು ಹೋಗಿ ಬಂದ್ರು, "ಏನೂ ಅಲ್ಲಾಡ್ಲಿಲ್ಲ ಕಣೇ" ಅಂದ್ರು. ಎರಡು ತಿಂಗಳಾಯ್ತು, ಕುಟ್ಟಿದ್ರೆ ಎಲ್ಲೂ ಪೊಳ್ಳಿಲ್ಲ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಯಾಕೆ ಅಂದ್ರೆ, ಚೀಲದ ಮೇಲೆ ಕನ್ನಡದಲ್ಲಿ ಒಂದಕ್ಷರ ಇಲ್ಲ, ಓದ್ಬೇಕಾಗಿರೋದು ಮೇಸ್ತ್ರಿ, ಬರೆದಿರೋದು ಇಂಗ್ಲಿಷು. ಒಂದು ಚೀಲ 50 ಚದರಡಿ ಬರುತ್ತೆ ಅಂತ ಹಾಕಿದಾರೆ, ದಂಡ ಆಗಿದ್ದು ಬಿಟ್ಟು ಲೆಕ್ಕ ಹಾಕಿದ್ರೂ ನಮಗೆ ಬಂದಿದ್ದು 40. ಕರಣೆ ಹಲ್ಲು ದಪ್ಪ ಇದ್ರೆ ಇನ್ನೂ ಇಳಿಯುತ್ತೆ. 5 ಕೆಜಿ ಪ್ಯಾಕೆಟ್ ನಮ್ಮ ಕಡೆ ಅಂಗಡಿಗಳಲ್ಲಿ ಸಿಗ್ಲಿಲ್ಲ. ಉಳಿದ ಆರು ಕೆಜಿ ಪುಡಿನ ಎರಡು ಕವರ್ ಹಾಕಿ ಬಿಗಿಯಾಗಿ ಕಟ್ಟಿಟ್ಟಿದ್ದೆ, ಮಳೆ ಶುರುವಾಗಿ ಒಂದು ವಾರಕ್ಕೆ ನೋಡಿದ್ರೆ ಬೆಲ್ಲದ ಅಚ್ಚಿನ ಥರ ಗಟ್ಟಿ. ಮೊದಲ್ನೇ ಬಾಂಡ್ಲಿ ಗಟ್ಟಿ ಮಾತ್ರ ಬಾಂಡ್ಲಿ ಆಕಾರದಲ್ಲೇ ಬಿಟ್ಕೊಂಡು ಬಂತು, ಹಿತ್ಲಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಹಾರದ ಹಾಗೆ ಮೇಲಿಟ್ಟಿದೀವಿ.