ಗಂಗೂಬಾಯಿಯನ್ನು ಗಂಗವ್ವ ಮಾಡಿಕೊಟ್ಟ ಜೆರಾಕ್ಸ್ ಅಂಗಡಿ

ಬೆಳಗಾವಿಯ ಒಂದು ಜೆರಾಕ್ಸ್ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿಗೆ ಹೆಸರಿಲ್ಲ. ಬೋರ್ಡಿನಲ್ಲಿ "ಜೆರಾಕ್ಸ್, ಟೈಪಿಂಗ್, ಸ್ಪರ್ಶ್" ಅಂತ ಮೂರೇ ಮಾತು. ಸ್ಪರ್ಶ್ ಅಂದರೆ ಸೈನ್ಯದವರ ಪಿಂಚಣಿ ನೋಡಿಕೊಳ್ಳುವ ಆನ್‌ಲೈನ್ ವ್ಯವಸ್ಥೆ. ನಡೆಸುವವರು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದು ರಿಟೈರ್ ಆದ ಹವಾಲ್ದಾರರು. ಮಾಜಿ ಸೈನಿಕರ ದಾಖಲೆಯಲ್ಲಿ ಹೆಸರು, ಹುಟ್ಟಿದ ತಾರೀಖು ತಪ್ಪಿದ್ದರೆ ಅರ್ಜಿ ತಯಾರು ಮಾಡಿಕೊಡುತ್ತಾರೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನಮ್ಮದು ಸವದತ್ತಿ ಕಡೆ ಹಳ್ಳಿ. ಅಪ್ಪ 1979ರಲ್ಲಿ ಭರ್ತಿಯಾಗಿ 1996ರಲ್ಲಿ ನಾಯಕ್ ಆಗಿ ಮನೆಗೆ ಬಂದವರು. ಅವ್ವನ ಹೆಸರು ಗಂಗವ್ವ. ಊರಲ್ಲಿ, ಆಧಾರ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ ಗಂಗವ್ವ. ಸೈನ್ಯದ ಕಾಗದದಲ್ಲಿ ಮಾತ್ರ ಗಂಗೂಬಾಯಿ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಅಪ್ಪನ ಪಿಂಚಣಿ ಬ್ಯಾಂಕಿನಿಂದ ಸ್ಪರ್ಶ್‌ಗೆ ಬಂದ ಮೇಲೆ ವಿವರ ಸರಿ ಇದೆಯಾ ನೋಡಿ ಒಪ್ಪಿಗೆ ಕೊಡಿ ಎಂದು ಕೇಳಿತು. ಆಗ ಪರದೆ ಮೇಲೆ ಕಂಡಿದ್ದು.

ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ! "ಗಂಗೂಬಾಯಿ ಹಾನಗಲ್ ಹೆಸರು, ಇರಲಿ ಬಿಡು ಅಂದ್ಕೊಂಡೆ" ಅಂದರು. ಅವ್ವ ಒಳಗಿಂದಲೇ, "ನನಗೇನ್ ಹಾಡಾಕ ಬರ್ತೈತೇನು? ನಾಳೆ ನೀ ಹೋದ ಮ್ಯಾಲೆ ಆ ಬಾಯಿಗೇ ಪಿಂಚಣಿ ಕೊಡ್ತಾರ" ಅಂದಳು. ಅವ್ವ ಹೇಳಿದ್ದೇ ಸರಿ. ಗಂಡ ಇರುವಾಗ ಈ ತಪ್ಪು ಮಲಗಿರುತ್ತದೆ. ಫ್ಯಾಮಿಲಿ ಪಿಂಚಣಿ ಕೇಳುವ ದಿನ ಎದ್ದು ಕೂರುತ್ತದೆ.

ನಾನು ಹೈಸ್ಕೂಲಿನಲ್ಲಿ ಎಸ್‌ಡಿಎ. ದಿನಾ ಮಕ್ಕಳ ಹೆಸರು ಬರೆಯುವ ಕೆಲಸವೇ ನನ್ನದು. ಜೂನ್ 1ಕ್ಕೆ ಹುಟ್ಟಿದವರು ನಮ್ಮ ಹಳೇ ರಿಜಿಸ್ಟರಿನಲ್ಲಿ ಎಷ್ಟು ಮಂದಿ ಇದ್ದಾರೋ ಲೆಕ್ಕವಿಲ್ಲ. ಹಂಗಾಗಿ ಇದೇನು ಮಹಾ ಅಂತ ನಾನೇ ಒಂದು ಅರ್ಜಿ ಬರೆದು, ಅವ್ವನ ಆಧಾರ್ ಪ್ರತಿ ಹಚ್ಚಿ, ರಿಜಿಸ್ಟರ್ ಪೋಸ್ಟ್ ಮಾಡಿದೆ. ಎರಡು ತಿಂಗಳಿಗೆ ವಾಪಸ್ ಬಂತು. ಕಳಿಸಿದ್ದು ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ, ಯಾವುದು ಅಂತ ಹೇಳುವುದಿಲ್ಲ. ಯಾವ ಕಾಗದ ಬೇಕು ಅಂತ ಅವರು ಬರೆದಿದ್ದ ಒಂದೇ ಸಾಲನ್ನು ನಾನು ಮೂರು ಸಲ ಓದಿದೆ, ಅರ್ಥವಾಗಲಿಲ್ಲ. ಈ ನಡುವೆ ಏಜೆಂಟ್ ಒಬ್ಬ 8,000 ರೂಪಾಯಿ ಕೇಳಿದ. ಆಗ ಅಪ್ಪನ ಗೆಳೆಯರೊಬ್ಬರು ಈ ಅಂಗಡಿ ತೋರಿಸಿದರು.

ಹವಾಲ್ದಾರರು ನನ್ನ ಅರ್ಜಿ ಕೈಗೆ ತಗೊಂಡು ಮೊದಲ ಸಾಲಿನಲ್ಲೇ ನಿಂತರು. "ಅಕ್ಕಾರ, ನಂಬರಿನ ಬಾಲ ಎಲ್ಲೈತ್ರಿ?" ಸೈನಿಕರ ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ನಾನು ಅದನ್ನು ಏನೋ ಗೀಚಿದ್ದು ಅಂತ ಬಿಟ್ಟಿದ್ದೆ. ಆ ಅಕ್ಷರ ಮುಂದಿನ ಅಂಕಿಗಳಿಂದಲೇ ಲೆಕ್ಕ ಹಾಕಿ ಬರುವಂಥದ್ದಂತೆ. ಒಂದು ಅಂಕಿ ತಪ್ಪಿದರೂ ಅಕ್ಷರ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಎಸ್‌ಡಿಎ ಆಗಿ ನನಗೆ ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಸೈನ್ಯ ಬಿಡುವಾಗ ಕೊಟ್ಟಿದ್ದ ಅಪ್ಪನ ಡಿಸ್ಚಾರ್ಜ್ ಬುಕ್ ಕೇಳಿದರು. ಹಾಳೆಗಳು ಹಪ್ಪಳ ಆಗಿವೆ. ಕೈ ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದರು. ಸಹಾಯಕ ಹುಡುಗ ಜೆರಾಕ್ಸ್ ಮಾಡಲು ಬುಕ್ಕನ್ನು ಅಗಲಿಸಿ ಒತ್ತಲು ಹೋದರೆ ಗದರಿದರು. ಬೆನ್ನು ಮುರಿಯುತ್ತದೆ ಅಂತ ತಮ್ಮ ಮೊಬೈಲಿನಲ್ಲೇ ಫೋಟೋ ತೆಗೆದು ಪ್ರಿಂಟ್ ಹಾಕಿದರು. ಬೆಂಚಿನ ಮೇಲೆ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ), ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಸಾಲಾಗಿ ಇಟ್ಟು, ಅವ್ವನ ಹೆಸರಿನ ಮೇಲೆ ಪೆನ್ಸಿಲ್ ಆಡಿಸುತ್ತಾ ಬಂದರು. ಪಿಪಿಒ ಮೇಲೆ ಅದನ್ನು ಕೊಟ್ಟ ಕಚೇರಿಯ ಊರು ಇನ್ನೂ ಅಲಹಾಬಾದ್ ಅಂತಿತ್ತು. ಈಗದು ಪ್ರಯಾಗರಾಜ್.

"ತಪ್ಪು ಇಲ್ಲಿ ಹುಟ್ಟಿಲ್ಲ. ಮದುವೆ ಪಾರ್ಟ್ ಟುನಾಗ ಹುಟ್ಟೈತಿ" ಅಂದರು. ಸೈನಿಕನ ಮದುವೆ, ಮಗು, ಬಡ್ತಿ ಏನೇ ಆದರೂ ಪಾರ್ಟ್ ಟು ಆರ್ಡರ್‌ನಲ್ಲಿ ಪ್ರಕಟವಾಗಬೇಕು. ದಾಖಲೆಗೆ ಅದೇ ತಾಯಿಬೇರು. 1984ರಲ್ಲಿ ಅಪ್ಪನ ಮದುವೆ ಬರೆದುಕೊಂಡ ಯಾರೋ ಕ್ಲರ್ಕ್‌ಗೆ "ಅವ್ವ" ಅನ್ನುವುದು ಹೆಸರಿನ ಭಾಗ ಅಂತ ಅನಿಸಿಲ್ಲ. ತಮ್ಮ ಕಡೆಯ ರೂಢಿಯಂತೆ ಗಂಗೂಬಾಯಿ ಅಂತ ಬರೆದಿದ್ದಾರೆ. ಅಲ್ಲಿಂದ ಡಿಸ್ಚಾರ್ಜ್ ಬುಕ್ಕಿಗೆ, ಅಲ್ಲಿಂದ ಪಿಪಿಒಗೆ, ಅಲ್ಲಿಂದ ಸ್ಪರ್ಶ್‌ಗೆ. ಸ್ಪರ್ಶ್‌ನಲ್ಲಿ ಮಾತ್ರ ಸರಿ ಮಾಡಿದರೆ ಆಗಲ್ವಾ ಅಂತ ಕೇಳಿದೆ. "ಹೊಲಕ್ಕ ನೀರು ಬರವಲ್ದು ಅಂತ ಬದುವಿನ ಮ್ಯಾಲೆ ನಿಂತು ಬೈದ್ರ ಆಗ್ತೈತೇನ್ರಿ? ಕಾಲುವೆ ಬಾಗಲಕ್ಕ ಹೋಗಬೇಕು" ಅಂದರು. ಮಲಪ್ರಭಾ ಕಾಲುವೆ ಕಂಡವರಿಗೆ ಇನ್ನೇನು ಹೇಳಬೇಕು.

ಬಾಗಿಲು ಅಂದರೆ ರೆಕಾರ್ಡ್ ಆಫೀಸ್. ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ: ಮರಾಠಾ ರೆಜಿಮೆಂಟಿನವರದು ಬೆಳಗಾವಿಯಲ್ಲೇ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರು, ಆರ್ಟಿಲರಿ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ಸೈನ್ಯದ ಯಂತ್ರ ರಿಪೇರಿ ವಿಭಾಗವಾದ ಇಎಂಇ ಸಿಕಂದರಾಬಾದ್. ಜನ ತಾವಿದ್ದ ವಿಭಾಗದ ಆಫೀಸ್ ಬಿಟ್ಟು ಹತ್ತಿರದ ಊರಿಗೆ ಅರ್ಜಿ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಾರಂತೆ.

ನಮ್ಮ ಕಟ್ಟಿನಲ್ಲಿ ಹೋದದ್ದು ಇಷ್ಟು: ಗಂಗೂಬಾಯಿ, ಗಂಗವ್ವ ಇಬ್ಬರೂ ಒಬ್ಬಳೇ ಅಂತ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿದ ಅಫಿಡವಿಟ್, ಎರಡು ಪತ್ರಿಕೆಗಳ ಪ್ರಕಟಣೆ, ಗಂಡ ಹೆಂಡತಿ ಜಂಟಿ ಫೋಟೋ, ಆಧಾರ್, ಪ್ಯಾನ್, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿಗಳು. ಪ್ರತಿ ಹಾಳೆಗೂ ಅಪ್ಪನ ಸಹಿ. ನಾನು ಜಾಸ್ತಿ ಇರಲಿ ಅಂತ ರೇಷನ್ ಕಾರ್ಡ್ ಕೊಟ್ಟೆ. ತೆಗೆದು ವಾಪಸ್ ಇಟ್ಟರು. ಅದರಲ್ಲಿ ಅವ್ವನ ವಯಸ್ಸು ಬೇರೆ ಇತ್ತು! ಕಳಿಸಿದ್ದರೆ ಹೆಸರಿನ ಜೊತೆ ವಯಸ್ಸಿನ ತಕರಾರೂ ಶುರುವಾಗುತ್ತಿತ್ತು. ಅವರ 500 ರೂಪಾಯಿ ಕೂಲಿಗೆ ಈ ಒಂದೇ ಕೆಲಸ ಸಾಕು ನನ್ನ ಪ್ರಕಾರ. ಛಾಪಾ ಕಾಗದ, ಪತ್ರಿಕೆ ಖರ್ಚು ಬೇರೆ. ಪುಕ್ಕಟೆ ಬೇಕಾದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಬಹುದು, ಅದನ್ನೂ ಅವರೇ ಹೇಳಿದರು.

ಹೊಸ ಪಾರ್ಟ್ ಟು ಆಗಿ, ತಿದ್ದುಪಡಿ ಪಿಪಿಒ ಬರಲು ಎಂಟು ತಿಂಗಳು ಹಿಡಿಯಿತು. ಅದಕ್ಕೆ ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ.

ಕಳೆದ ಒಂದು ಅಂಕದ ವಿಷಯ. ಫೋನ್ ಎತ್ತುವುದೇ ಇಲ್ಲ. ಮಧ್ಯಾಹ್ನ ಒಂದರಿಂದ ಮೂರು ಬಾಗಿಲು ಹಾಕುತ್ತಾರೆ, ಬೋರ್ಡಿನಲ್ಲಿ ಬರೆದಿಲ್ಲ. ಅಪ್ಪನನ್ನು ಕರಕೊಂಡು ಬಸ್ಸಿನಲ್ಲಿ ಹೋಗಿ ಎರಡು ತಾಸು ಕಟ್ಟೆ ಮೇಲೆ ಕೂತಿದ್ದೇವೆ. ಕೂರಲು ಒಂದೇ ಬೆಂಚು, ಅದರ ಮೇಲೂ ಕಾಗದ. ರಸೀದಿ ಕೇಳಿದರೆ ಮುಖ ನೋಡುತ್ತಾರೆ. ಪ್ರಶ್ನೆ ಎರಡನೇ ಸಲ ಕೇಳಿದರೆ ಪೆರೇಡ್ ಮೈದಾನದ ದನಿ ಬರುತ್ತದೆ. ಅಪ್ಪನಿಗೆ ಅದು ಇಷ್ಟ, ನನಗಲ್ಲ.

ಈಗ ಸ್ಪರ್ಶ್‌ನಲ್ಲಿ ಅವ್ವ ಗಂಗವ್ವ. ಮಾಜಿ ಸೈನಿಕರ ಚಿಕಿತ್ಸೆಯ ಇಸಿಎಚ್‌ಎಸ್ ಕಾರ್ಡಿನಲ್ಲಿ ಮಾತ್ರ ಇನ್ನೂ ಗಂಗೂಬಾಯಿ. ಬುಧವಾರ ರಜೆ ಹಾಕಿದ್ದೇನೆ. ಒಂದು ಗಂಟೆಯೊಳಗೆ ಅಂಗಡಿ ಮುಟ್ಟಬೇಕು.